ಒಂದೇ ಕಡಲಿನ ಎರಡು ತೊರಕೆ: ಏನು ತಿನ್ನುತ್ತವೆ ಎಂದು ಹೋಲಿಸುವುದು ಹೇಗೆ?

ಪ್ರಶ್ನೆ | ವಿರಾಜಪೇಟೆ
ಎಂಎಸ್ಸಿ ಪ್ರಾಜೆಕ್ಟಿಗೆ ಬ್ರೆವಿಟ್ರೈಗಾನ್ ಕುಲದ ಎರಡು ಜಾತಿಯ ಸಣ್ಣ ತೊರಕೆಗಳ (ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು, ಸ್ಟಿಂಗ್‌ರೇ) ಆಹಾರ ಹೋಲಿಸಬೇಕಿದೆ. ವಿರಾಜಪೇಟೆ, ಮಡಿಕೇರಿ ಮಾರ್ಕೆಟ್ಟಿನ ಮೀನು ಸಾಕಾ? ಹೊಟ್ಟೆಯಲ್ಲಿ ಸಿಕ್ಕಿದ್ದನ್ನು ಎಣಿಸಬೇಕಾ, ತೂಗಬೇಕಾ?

ಉತ್ತರ 1 | ಮಡಿಕೇರಿ
ಮಾರ್ಕೆಟ್ಟಿನ ಮೀನು ದಯವಿಟ್ಟು ಬೇಡ. ನಿಮ್ಮಲ್ಲಿಗೆ ಮಾಕುಟ್ಟದ ದಾರಿಯಲ್ಲಿ ಕಣ್ಣೂರಿನ ಮೀನು ಬರಬಹುದು, ಇಲ್ಲಿಗೆ ಸಂಪಾಜೆ ಘಾಟಿ ಹತ್ತಿ ಮಂಗಳೂರಿನದ್ದು. ಒಂದು ಜಾತಿ ಅಲ್ಲಿಯದು, ಇನ್ನೊಂದು ಇಲ್ಲಿಯದು ಆದರೆ ನಿಮಗೆ ಕಾಣುವುದು ಎರಡು ಕಡಲಿನ ವ್ಯತ್ಯಾಸ, ಎರಡು ಜಾತಿಯದ್ದಲ್ಲ. ಬಂದರಿಗೇ ಹೋಗಿ, ಒಂದೇ ದೋಣಿಯ ಒಂದೇ ಬಲೆಯಲ್ಲಿ ಬಿದ್ದ ಎರಡೂ ಜಾತಿಯನ್ನು ತನ್ನಿ. ಮೀನಿನ ತಟ್ಟೆಯಂಥ ಮೈಯ ಅಗಲವೂ ಹತ್ತಿರಹತ್ತಿರ ಇರಲಿ. ತೊರಕೆ ಬೆಳೆದಂತೆ ಆಹಾರ ಬದಲಾಗುತ್ತದೆ, ಮರಿಯನ್ನೂ ದೊಡ್ಡದನ್ನೂ ಹೋಲಿಸಿ ಜಾತಿಭೇದ ಎಂದು ಬರೆಯುವ ತಪ್ಪು ಬಹಳ ಸುಲಭ.

ಸತ್ತ ಮೇಲೂ ಹೊಟ್ಟೆಯೊಳಗೆ ಜೀರ್ಣ ನಿಲ್ಲುವುದಿಲ್ಲ. ಬಂದರಿನಲ್ಲೇ ಹೊಟ್ಟೆ ಸೀಳಿ, ಜಠರದ ಎರಡೂ ತುದಿಗೆ ದಾರ ಕಟ್ಟಿ ಕತ್ತರಿಸಿ, ಶೇ. 10ರ ಫಾರ್ಮಲಿನ್‌ಗೆ ಹಾಕಿ. ಅದಕ್ಕೂ ಮೊದಲು ಮಾಂಸದ ಒಂದು ಚೂರು ಶೇ. 95ರ ಆಲ್ಕೋಹಾಲಿಗೆ ಹೋಗಲಿ. ಈ ಕುಲದವು ನೋಡಲು ಒಂದೇ ಥರ, ಡಿಎನ್‌ಎ ನೋಡಬೇಕಾಗಿ ಬಂದರೆ ಫಾರ್ಮಲಿನ್ ತಾಗಿದ್ದು ಕೆಲಸಕ್ಕೆ ಬರುವುದು ಕಷ್ಟ. ಹಳೆಯ ವರದಿ ಹುಡುಕುವಾಗ ‘ಹಿಮಾಂಟುರ’ ಎಂದೂ ಹುಡುಕಿ. ಕುಲದ ಹೆಸರು ಬದಲಾದದ್ದು 2016ರಲ್ಲಿ.

ಉತ್ತರ 2 | ಗೋಣಿಕೊಪ್ಪಲು
ಎಣಿಸಲೂ ಬೇಕು, ತೂಗಲೂ ಬೇಕು. ಬರೀ ಎಣಿಸಿದರೆ ಸಣ್ಣ ಸಿಗಡಿ ಗೆಲ್ಲುತ್ತದೆ, ಬರೀ ತೂಗಿದರೆ ಒಂದೇ ಏಡಿ. ಸಂಖ್ಯೆಯ ಶೇಕಡಾ, ತೂಕದ ಶೇಕಡಾ ಕೂಡಿಸಿ, ಆ ಆಹಾರ ಎಷ್ಟು ಶೇಕಡಾ ಹೊಟ್ಟೆಗಳಲ್ಲಿ ಕಂಡಿತೋ ಅದರಿಂದ ಗುಣಿಸಿ. ಬರುವ ಅಂಕಿ ದೊಡ್ಡದಾದಷ್ಟೂ ಆ ಆಹಾರ ಮುಖ್ಯ.

ತೊರಕೆ ಜಗಿದು ನುಂಗುವ ಮೀನು, ಇಡೀ ಸಿಗಡಿ ಸಿಗುವುದು ಅಪರೂಪ. 0.5 ಮಿ.ಮೀ. ಜರಡಿಯಲ್ಲಿ ತೊಳೆದರೆ ಗುಲಾಬಿ ಬಣ್ಣದ ಮುದ್ದೆ ಹೋಗಿ, ಸಾಸಿವೆಗಿಂತ ಚಿಕ್ಕ ಕಪ್ಪು ಕಣ್ಣುಗಳು ಉಳಿಯುತ್ತವೆ. ಎರಡು ಕಣ್ಣಿಗೆ ಒಂದು ಸಿಗಡಿ. ಏಡಿಗೆ ಬಲಗಡೆಯ ಕೊಂಡಿ ಮಾತ್ರ ಎಣಿಸಿ, ಮೀನಿಗೆ ಕಿವಿಗಲ್ಲು (ಕಿವಿಯೊಳಗಿನ ಪುಟ್ಟ ಗಟ್ಟಿ ಕಲ್ಲು). ಕೆಸರುಹುಳುವಿನ ಮೈ ಬೇಗ ಕರಗುತ್ತದೆ, ರೋಮ, ದವಡೆ ಉಳಿದಿದೆಯಾ ಎಂದು ಮೈಕ್ರೋಸ್ಕೋಪಿನಲ್ಲಿ ನೋಡದೆ ‘ಇಲ್ಲ’ ಎಂದು ಬರೆಯಬೇಡಿ. ಬಾಯಿ, ಗಂಟಲಲ್ಲಿ ತಾಜಾ ಸಿಗಡಿ ಸಿಕ್ಕರೆ ಲೆಕ್ಕಕ್ಕೆ ಬೇಡ, ಬಲೆಯೊಳಗೆ ನುಂಗಿದ್ದಿರಬಹುದು.

ಪ್ರಶ್ನೆ ಕೇಳಿದವರು
ಎಷ್ಟು ಹೊಟ್ಟೆ ಬೇಕು?

ಉತ್ತರ 2 | ಗೋಣಿಕೊಪ್ಪಲು
ಮೊದಲೇ ಇಷ್ಟೇ ಎಂದು ಹೇಳಲಾಗದು. ಹೊಟ್ಟೆಯ ಸಂಖ್ಯೆ ಒಂದು ಕಡೆ, ಅಲ್ಲಿಯವರೆಗೆ ಸಿಕ್ಕ ಆಹಾರದ ಬಗೆಗಳು ಇನ್ನೊಂದು ಕಡೆ ಇಟ್ಟು ಗ್ರಾಫ್ ಹಾಕಿ. ಗೆರೆ ಏರುತ್ತಲೇ ಇದ್ದರೆ ಇನ್ನೂ ಬೇಕು. ಖಾಲಿ ಹೊಟ್ಟೆ ಇದರಲ್ಲಿ ಸೇರದು, ಆದರೆ ಎಷ್ಟು ಖಾಲಿ ಇದ್ದವು ಎಂದು ಬೇರೆ ಬರೆದಿಡಿ.

ಉತ್ತರ 3 | ಕುಶಾಲನಗರ
ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಮೇ ಒಳಗೆ ಒಂದು ಸುತ್ತು ಮುಗಿಸಿಕೊಳ್ಳಿ. ಕೊಯ್ಯುವ ಮೊದಲು ಬಾಲದ ಮುಳ್ಳನ್ನು ಕಟಿಂಗ್ ಪ್ಲೈಯರ್‌ನಿಂದ ಕತ್ತರಿಸಿ ತೆಗೆಯಿರಿ. ಸತ್ತ ಮೀನಿನ ಮುಳ್ಳಲ್ಲೂ ವಿಷ ಇರುತ್ತದೆ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಲ್ಲಿ, 45 ಡಿಗ್ರಿ ದಾಟದಂತೆ, 30ರಿಂದ 90 ನಿಮಿಷ ಕೈ ಅದ್ದಿಟ್ಟು ಆಸ್ಪತ್ರೆಗೆ ಹೋಗಿ. ಮುರಿದ ಮುಳ್ಳಿನ ಚೂರು ಒಳಗೆ ಉಳಿದಿರಬಹುದು.