ಸಹಾಯ ಬೇಕು: ಪ್ರೀಮಿಯರ್ ಪದ್ಮಿನಿಯನ್ನು ಮೊದಲ ಬಾರಿ ಸ್ಟಾರ್ಟ್ ಮಾಡುವ ಮುನ್ನ

ಎಲ್ಲರಿಗೂ ನಮಸ್ಕಾರ. ಆರು ವರ್ಷ ಶೆಡ್ಡಿನಲ್ಲಿ ನಿಂತಿದ್ದ ನಮ್ಮ ತಂದೆಯವರ ಪ್ರೀಮಿಯರ್ ಪದ್ಮಿನಿ ಕಾರಿನ ಟ್ಯಾಂಕಿನ ತುಕ್ಕು ತೆಗೆಸಿ, ರಬ್ಬರ್ ಪೈಪುಗಳನ್ನೂ ಫಿಲ್ಟರನ್ನೂ ಹೊಸದಾಗಿ ಹಾಕಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆದು ಜೋಡಿಸಿದ್ದೇನೆ. ಎಂಜಿನ್ ಇನ್ನೂ ಸ್ಟಾರ್ಟ್ ಮಾಡಿಲ್ಲ.

ಇದರದು ಎಂಜಿನ್ ತಿರುಗಿದಾಗ ಮಾತ್ರ ಕೆಲಸ ಮಾಡುವ ಡಯಾಫ್ರಾಮ್ (ಅಲುಗಾಡುವ ತೆಳು ಪೊರೆ) ಇರುವ ಪೆಟ್ರೋಲ್ ಪಂಪು; ಹಿಂದಿನ ಟ್ಯಾಂಕಿನಿಂದ ಮುಂದಿನ ಎಂಜಿನ್‌ವರೆಗಿನ ಖಾಲಿ ಪೈಪು ತುಂಬುವವರೆಗೂ ಸ್ಟಾರ್ಟರ್ ತಿರುಗಿಸುತ್ತಿದ್ದರೆ ಬ್ಯಾಟರಿ ಇಳಿದುಹೋಗುತ್ತದೆ, ಮೋಟಾರೂ ಬಿಸಿಯಾಗುತ್ತದೆ. ಆದ್ದರಿಂದ ಪಂಪಿನವರೆಗೆ ಪೆಟ್ರೋಲನ್ನು ಕೈಪಂಪಿನಿಂದ ಎಳೆದು, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಬೌಲನ್ನು ಸಿರಿಂಜಿನಿಂದ ತುಂಬಿ, ಎಂಜಿನ್ ಸ್ಟಾರ್ಟ್ ಆಗದಂತೆ ಇಗ್ನಿಷನ್ ಕಾಯಿಲಿನ ತಂತಿ ಕಳಚಿ, ಒಮ್ಮೆಗೆ ಹತ್ತು ಸೆಕೆಂಡು ಮೀರದಂತೆ ನಡುನಡುವೆ ಬಿಡುವು ಕೊಟ್ಟು ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಿ, ಪ್ರತಿ ಕ್ಲಿಪ್ಪನ್ನೂ ಒಣಬಟ್ಟೆಯಿಂದ ಒರೆಸಿ ಸೋರಿಕೆ ನೋಡಬೇಕೆಂದಿದ್ದೇನೆ. ಈ ಕ್ರಮ ಸರಿಯೇ?

ಬೌಲು ತುಂಬಿದಾಗ ಪೆಟ್ರೋಲನ್ನು ತಡೆಯುವ ನೀಡಲ್ ವಾಲ್ವ್ ಸರಿಯಾಗಿ ಮುಚ್ಚುತ್ತಿದೆಯೇ ಎಂಬುದನ್ನು ಕಾರ್ಬ್ಯುರೇಟರ್ ಕೂರಿಸುವ ಮುನ್ನವೇ ನೋಡಬೇಕಿತ್ತು, ಆತುರಪಟ್ಟೆ. ಈಗ ಬಿಚ್ಚದೆಯೇ ಪರೀಕ್ಷಿಸುವ ದಾರಿಯಿದೆಯೇ?

ನನಗೆ ಹೆಚ್ಚು ಅಳುಕಿರುವುದು ಪಂಪಿನ ಹಳೆಯ ಡಯಾಫ್ರಾಮಿನ ಬಗ್ಗೆ. ಅದು ಹರಿದರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಇಳಿಯಬಹುದು. ಬಂಕುಗಳಲ್ಲಿ ಈಗ ಸಿಗುವುದೂ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ತಡೆಯುವ ಡಯಾಫ್ರಾಮ್ ಹಾಕಿಸಿಕೊಂಡವರು ಯಾರಾದರೂ ಇದ್ದರೆ, ಅದು ಎಲ್ಲಿ ದೊರೆಯಿತೆಂದು ದಯವಿಟ್ಟು ತಿಳಿಸಿ.