ಟ್ರಾವೆಲರ್ ಕ್ಯಾಂಪರ್: ಮಿಕ್ಸಿ ಹಾಕಿದರೆ ಕರೆಂಟ್ ಕಟ್, ಜನರೇಟರ್ ಹಾಕಿದರೆ ಟೆಸ್ಟರ್ ಎರಡು ತೂತಲ್ಲೂ ಉರಿಯುತ್ತೆ

ಘಟ್ಟದಾರಿ ಕೇಳಿದ್ದು:

ಫೋರ್ಸ್ ಟ್ರಾವೆಲರ್ 3350 ವ್ಹೀಲ್‌ಬೇಸ್, ಒಳಗೆ ಕ್ಯಾಂಪರ್ ಆಗಿ ಬದಲಾಯಿಸಿದ ಗಾಡಿ. ಈಗಿರುವ ಜೋಡಣೆ ಹೀಗಿದೆ.

12.8 ವೋಲ್ಟ್ 200 ಎಎಚ್ (ಆಂಪಿಯರ್ ಅವರ್) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಿಂದಿನ ಡಿಕ್ಕಿಯಲ್ಲಿದೆ, ಅದರ ಬಿಎಂಎಸ್ (ಮಿತಿ ಮೀರಿದರೆ ಬ್ಯಾಟರಿಯನ್ನು ಕತ್ತರಿಸುವ ಒಳಗಿನ ಕಾವಲು ಸರ್ಕ್ಯೂಟ್) 100 ಆಂಪಿಯರ್. ಮನೆಗೆ ಹಾಕುವಂಥ 1500 ವಿಎ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಡ್ರೈವರ್ ಸೀಟಿನ ಹಿಂದೆ. ನಡುವೆ 16 ಸ್ಕ್ವೇರ್ ಎಂಎಂ ಕೇಬಲ್, ಒಂದೊಂದು ಬದಿಗೆ ಎರಡೂವರೆ ಮೀಟರ್. ಜೊತೆಗೆ 2.2 ಕೆವಿಎ ಪೆಟ್ರೋಲ್ ಜನರೇಟರ್ (ಸತತವಾಗಿ ಕೊಡುವುದು 1.8), ಸೂಟ್‌ಕೇಸ್ ಥರದ್ದು.

1. 750 ವ್ಯಾಟ್ ಮಿಕ್ಸಿ ಒತ್ತಿದ ತಕ್ಷಣ ಎಲ್ಲಾ ಆಫ್. ಅರ್ಧ ನಿಮಿಷ ಬಿಟ್ಟು ತಾನಾಗಿ ಬರುತ್ತೆ. ಬ್ಯಾಟರಿ ತುಂಬಿದ್ದರೂ ಹೀಗೇ.
2. ಜನರೇಟರ್‌ನಲ್ಲಿ ಓಡುವಾಗ ಲೈನ್ ಟೆಸ್ಟರ್ ಸಾಕೆಟ್ಟಿನ ಎರಡು ತೂತಲ್ಲೂ ಮಂಕಾಗಿ ಉರಿಯುತ್ತೆ. ಮೀಟರಿನಲ್ಲಿ ನ್ಯೂಟ್ರಲ್–ಅರ್ತ್ ನಡುವೆ 115 ವೋಲ್ಟ್ ಸುಮಾರು ತೋರಿಸುತ್ತೆ. ಆರ್‌ಸಿಸಿಬಿಯ (ಕರೆಂಟ್ ಸೋರಿದರೆ ಕತ್ತರಿಸುವ ಸ್ವಿಚ್) ಟೆಸ್ಟ್ ಬಟನ್ ಒತ್ತಿದರೆ ಟ್ರಿಪ್ ಆಗುತ್ತೆ, ಹಾಗಾದರೆ ಸರಿಯಿದೆ ಅಂದುಕೊಳ್ಳಬಹುದಾ?
3. ಜನರೇಟರನ್ನು ಡಿಕ್ಕಿಯಲ್ಲೇ ಫಿಕ್ಸ್ ಮಾಡಿ, ಬಾಗಿಲಿಗೆ ಜಾಲರಿ ಹಾಕಿ ಓಡಿಸಬಹುದಾ?
4. ಒಂದು ಟನ್ನಿನ ಇನ್ವರ್ಟರ್ ಎಸಿ ಹಾಕಿದರೆ ರಾತ್ರಿಯಿಡೀ ಎಳೆಯುತ್ತಾ?

---

ಡಿಸಿ_ವೈರ್‌ಮನ್ ಉತ್ತರ:

ಮೊದಲನೆಯದಕ್ಕೆ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ: ಬಿಎಂಎಸ್ 100 ಆಂಪಿಯರ್. ಬ್ಯಾಟರಿ 200 ಎಎಚ್ ಅಂತ ಎಷ್ಟು ಬೇಕಾದರೂ ಎಳೆಯಲು ಬರುವುದಿಲ್ಲ. 1500 ವಿಎ ಇನ್ವರ್ಟರ್ ಅಂದರೆ ಸುಮಾರು 1200 ವ್ಯಾಟ್. ಮನೆ ಇನ್ವರ್ಟರುಗಳ ದಕ್ಷತೆ 85 ಶೇಕಡಾ ಹಿಡಿದರೆ ಪೂರ್ತಿ ಲೋಡಿಗೆ ಬ್ಯಾಟರಿಯಿಂದ 110 ಆಂಪಿಯರ್ ಬೇಕು, ಅಷ್ಟಕ್ಕೇ ಮಿತಿ ದಾಟಿತು. ಮಿಕ್ಸಿ ಮೋಟಾರು ಹೊರಡುವ ಕ್ಷಣಕ್ಕೆ ಮೂರ್ನಾಲ್ಕು ಪಟ್ಟು ಎಳೆಯುತ್ತೆ. ಬಿಎಂಎಸ್ ಅದನ್ನು ಶಾರ್ಟ್ ಅಂತಲೇ ತಿಳಿದು ಕೈಬಿಡುತ್ತೆ, ಲೋಡ್ ಹೋದ ಸ್ವಲ್ಪ ಹೊತ್ತಿಗೆ ಮತ್ತೆ ಸೇರಿಸುತ್ತೆ. ನೀವು ಹೇಳಿದ ಅರ್ಧ ನಿಮಿಷ ಅದೇ.

ಊಹೆ ಬೇಡ, ಅಳೆದು ನೋಡಿ. ಒಂದು ಮೀಟರ್ ಬ್ಯಾಟರಿ ಟರ್ಮಿನಲ್ಲಿಗೆ, ಇನ್ನೊಂದು ಇನ್ವರ್ಟರ್ ಟರ್ಮಿನಲ್ಲಿಗೆ ಇಟ್ಟು ಮಿಕ್ಸಿ ಒತ್ತಿ. ಬ್ಯಾಟರಿ ಕಡೆಯೇ ಸೊನ್ನೆಗೆ ಬಿದ್ದರೆ ಬಿಎಂಎಸ್ ಕತ್ತರಿಸಿದೆ. ಬ್ಯಾಟರಿ ಕಡೆ 12.8 ನಿಂತು ಇನ್ವರ್ಟರ್ ಕಡೆ 11ರ ಕೆಳಗೆ ಜಾರಿದರೆ ಕೇಬಲ್ಲಿನ ತಪ್ಪು. ನಿಮ್ಮಲ್ಲಿ ಎರಡೂ ಇರುವ ಸಾಧ್ಯತೆ ಹೆಚ್ಚು. 16 ಸ್ಕ್ವೇರ್ ಎಂಎಂ ತಾಮ್ರ, ಹೋಗಿಬರುವ ಉದ್ದ 5 ಮೀಟರ್: ರೋಧ 5.4 ಮಿಲಿಓಮ್. 110 ಆಂಪಿಯರಿಗೆ 0.6 ವೋಲ್ಟ್ ಅಲ್ಲೇ ಹೋಯಿತು. ಮಿಕ್ಸಿ ಹೊರಡುವಾಗ 250 ಆಂಪಿಯರ್ ಹರಿದರೆ 1.3 ವೋಲ್ಟ್. ಇನ್ವರ್ಟರು 10.5ರ ಹತ್ತಿರ ಕೈಚೆಲ್ಲುತ್ತೆ, ಅದಕ್ಕೆ ಉಳಿದ ಅಂತರ ಬಹಳ ಕಡಿಮೆ.

ಮಾಡಬೇಕಾದ್ದು: ಇನ್ವರ್ಟರನ್ನು ಹಿಂದಕ್ಕೆ, ಬ್ಯಾಟರಿಯಿಂದ ಒಂದು ಮೀಟರ್ ಒಳಗೆ ತನ್ನಿ. 230 ವೋಲ್ಟ್ ವೈರು ಎಷ್ಟು ಉದ್ದ ಓಡಿದರೂ ನಷ್ಟ ಸಣ್ಣದು, 12 ವೋಲ್ಟ್ ಕೇಬಲ್ ಮಾತ್ರ ಗಿಡ್ಡಗಿರಬೇಕು. 50 ಸ್ಕ್ವೇರ್ ಎಂಎಂ ಹಾಕಿ, ಸಣ್ಣ ಎಳೆಗಳ ಮೆತ್ತನೆಯ ಕೇಬಲ್; ಅದೇ 110 ಆಂಪಿಯರಿಗೆ ನಷ್ಟ 0.08 ವೋಲ್ಟಿಗೆ ಇಳಿಯುತ್ತೆ. ಲಗ್‌ಗಳನ್ನು (ಕೇಬಲ್ ತುದಿಗೆ ಹಾಕುವ ಲೋಹದ ಬಳೆ) ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿಸಿ. ಬೆಸುಗೆ ಹಾಕಿಸಬೇಡಿ. ಬೆಸುಗೆ ಮುಗಿಯುವ ಜಾಗದಲ್ಲಿ ಎಳೆಗಳು ಗಟ್ಟಿಯಾಗಿ, ಗಾಡಿಯ ಅದುರಾಟಕ್ಕೆ ಅಲ್ಲೇ ಮುರಿಯುತ್ತವೆ. ವಾಷರ್ ಲಗ್ಗಿನ ಮೇಲೆ ಬರಬೇಕು, ಲಗ್ಗಿಗೂ ಟರ್ಮಿನಲ್ಲಿಗೂ ನಡುವೆ ಅಲ್ಲ. ಈ ಒಂದು ತಪ್ಪಿಗೆ ಕರಗಿದ ಟರ್ಮಿನಲ್ಲುಗಳು ಲೆಕ್ಕವಿಲ್ಲದಷ್ಟು.

ಬಿಎಂಎಸ್ 200 ಆಂಪಿಯರಿನದ್ದು ಬೇಕು. ಬ್ಯಾಟರಿ ತಯಾರಕರು ಬದಲಾಯಿಸಿ ಕೊಟ್ಟರೆ ಸರಿ. ಇಲ್ಲವಾದರೆ ಅದೇ ತಯಾರಿಕೆಯ, ಅದೇ ವಯಸ್ಸಿನ ಇನ್ನೊಂದು ಬ್ಯಾಟರಿಯನ್ನು ಸಮಾನಾಂತರವಾಗಿ ಸೇರಿಸಿ.

ಫ್ಯೂಸಿನ ಬಗ್ಗೆ ನೀವು ಬರೆದೇ ಇಲ್ಲ. ಪಾಸಿಟಿವ್ ಟರ್ಮಿನಲ್ಲಿನಿಂದ 20 ಸೆಂಟಿಮೀಟರ್ ಒಳಗೆ 200 ಆಂಪಿಯರ್ ಫ್ಯೂಸು ಇರಲೇಬೇಕು, ಕ್ಲಾಸ್ ಟಿ (ದೊಡ್ಡ ಶಾರ್ಟನ್ನೂ ಕತ್ತರಿಸಬಲ್ಲ ಬಗೆ) ಆದರೆ ಉತ್ತಮ. ಲಿಥಿಯಂ ಬ್ಯಾಟರಿ ಶಾರ್ಟ್ ಆದಾಗ ಸಾವಿರಗಟ್ಟಲೆ ಆಂಪಿಯರ್ ಸುರಿಯುತ್ತೆ. ಕಾರ್ ಆಡಿಯೋ ಅಂಗಡಿಯ ಅಗ್ಗದ ಫ್ಯೂಸಿನೊಳಗೆ ತಂತಿ ಕರಗಿದರೂ ಕಿಡಿ ನಿಲ್ಲದೆ ಹೋಗಬಹುದು. ಮನೆಯ 230 ವೋಲ್ಟ್ ಪರ್ಯಾಯ ವಿದ್ಯುತ್ತಿಗೆ ಮಾಡಿದ ಎಂಸಿಬಿಯನ್ನು (ತಾನಾಗಿ ಬೀಳುವ ಸ್ವಿಚ್) ಬ್ಯಾಟರಿಯ ಡಿಸಿ ಕಡೆ ಹಾಕುವುದೂ ಇದೇ ಕಾರಣಕ್ಕೆ ಅಪಾಯ.

ಇನ್ವರ್ಟರಿನ ಚಾರ್ಜಿಂಗ್ ಸೆಟ್ಟಿಂಗ್ ಟ್ಯೂಬುಲರ್‌ (ಲೆಡ್ ಆಸಿಡ್) ಬ್ಯಾಟರಿಯದ್ದರಲ್ಲಿದ್ದರೆ ಅದನ್ನೂ ನೋಡಿ. ನಾಲ್ಕು ಸೆಲ್ಲಿನ ಪ್ಯಾಕಿಗೆ 14.2ರಿಂದ 14.4 ಸಾಕು, 14.6 ದಾಟಿದರೆ ಬಿಎಂಎಸ್ ಕತ್ತರಿಸುತ್ತೆ. ಈಕ್ವಲೈಸೇಶನ್ (ಲೆಡ್ ಆಸಿಡ್‌ಗೆ ಆಗಾಗ ಹೆಚ್ಚು ವೋಲ್ಟೇಜ್ ಕೊಡುವ ಸುತ್ತು) ಇದ್ದರೆ ಆಫ್ ಮಾಡಿ.

---

ಅರ್ತ್_ಪಿಟ್ ಉತ್ತರ:

ಎರಡನೆಯದು ಜೀವದ ಪ್ರಶ್ನೆ, ಅದನ್ನು ಮೊದಲು ಸರಿಮಾಡಿ. ಟೆಸ್ಟ್ ಬಟನ್ ಒತ್ತಿದಾಗ ಟ್ರಿಪ್ ಆದರೆ ಆರ್‌ಸಿಸಿಬಿಯ ಒಳಗಿನ ಯಂತ್ರ ಕೆಲಸ ಮಾಡುತ್ತಿದೆ ಎಂದಷ್ಟೇ ಅರ್ಥ. ಆ ಬಟನ್ ಒಳಗಡೆಯೇ ಒಂದು ರೆಸಿಸ್ಟರ್ ಮೂಲಕ ಲೈನು–ನ್ಯೂಟ್ರಲ್ ಅಸಮತೋಲನ ಹುಟ್ಟಿಸುತ್ತದೆ. ಅದಕ್ಕೆ ಅರ್ತ್ ಬೇಕಾಗಿಯೇ ಇಲ್ಲ.

ಸೂಟ್‌ಕೇಸ್ ಜನರೇಟರುಗಳಲ್ಲಿ ಬಹುಪಾಲು ನ್ಯೂಟ್ರಲ್ ತೇಲುತ್ತಿರುತ್ತದೆ, ಅಂದರೆ ಯಾವ ತಂತಿಗೂ ಫ್ರೇಮಿನೊಂದಿಗೆ ಸಂಬಂಧವಿಲ್ಲ. ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದಾಗಿ ಎರಡೂ ತಂತಿಗಳು ಫ್ರೇಮಿಗೆ 115 ವೋಲ್ಟ್ ಹತ್ತಿರ ತೋರಿಸುತ್ತವೆ. ಟೆಸ್ಟರ್ ಎರಡು ತೂತಲ್ಲೂ ಉರಿಯುವುದು ಅದಕ್ಕೇ. ಈ ಸ್ಥಿತಿಯಲ್ಲಿ ಲೈನು ಗಾಡಿಯ ಬಾಡಿಗೆ ತಾಗಿದರೆ ಕರೆಂಟಿಗೆ ವಾಪಸು ಹೋಗಲು ದಾರಿ ಇಲ್ಲ, ಆರ್‌ಸಿಸಿಬಿ ಸುಮ್ಮನಿರುತ್ತದೆ. ಎರಡನೇ ದೋಷ ಬೇರೆಲ್ಲಾದರೂ ಆದಾಗ ಮನುಷ್ಯನೇ ದಾರಿಯಾಗುತ್ತಾನೆ.

ಪರಿಹಾರ: ಕರೆಂಟು ಹುಟ್ಟುವಲ್ಲಿ, ಒಂದೇ ಒಂದು ಕಡೆ, ನ್ಯೂಟ್ರಲ್ ಮತ್ತು ಅರ್ತ್ ಸೇರಬೇಕು. ಜನರೇಟರಿಗೆ ಎರಡನೇ ಸಾಕೆಟ್ ಇದ್ದರೆ, ನ್ಯೂಟ್ರಲ್–ಅರ್ತ್ ಸೇರಿಸಿದ ಮೂರು ಪಿನ್ನಿನ ಪ್ಲಗ್ ಅದಕ್ಕೆ ಚುಚ್ಚುವುದು ಸರಳ ದಾರಿ. ಕೆಂಪು ಬಣ್ಣ ಬಳಿದು ಜನರೇಟರಿಗೇ ಸರಪಳಿ ಹಾಕಿಡಿ, ಮನೆಯ ಸಾಕೆಟ್ಟಿಗೆ ಅದು ಎಂದೂ ಹೋಗಬಾರದು. ಆದರೆ ಎಲ್ಲಾ ಮಾದರಿಗೂ ಇದು ಸಲ್ಲದು. ಜನರೇಟರ್ ನಿಲ್ಲಿಸಿ, ಸಾಕೆಟ್ಟಿನ ನ್ಯೂಟ್ರಲ್‌ಗೂ ಲೈನಿಗೂ ಅರ್ತ್ ಜೊತೆ ಕಂಟಿನ್ಯುಟಿ ಇಲ್ಲವೆಂದು ಖಾತ್ರಿ ಮಾಡಿ, ಕೈಪಿಡಿಯಲ್ಲಿ ಬೇಡ ಎಂದಿಲ್ಲವೆಂದು ನೋಡಿ, ಆಮೇಲೆ ಮಾಡಿ.

ಇನ್ವರ್ಟರಿನಲ್ಲಿ ಓಡುವಾಗಲೂ ಇದೇ ಕತೆ. ಹೊರಗಿನ ಪ್ಲಗ್ ಕಿತ್ತಿಟ್ಟಾಗ ಅದರ ನ್ಯೂಟ್ರಲ್ ಕೂಡ ತೇಲುತ್ತದೆ. ಅದಕ್ಕೆ 230 ವೋಲ್ಟ್ ಕಾಯಿಲಿನ ಒಂದು ರಿಲೇ ಹಾಕಿ: ಕಾಯಿಲಿಗೆ ಒಳಬರುವ ಸಪ್ಲೈ, ಇನ್ವರ್ಟರ್ ಔಟ್‌ಪುಟ್ಟಿನ ನ್ಯೂಟ್ರಲ್ ಮತ್ತು ಅರ್ತ್ ನಡುವೆ ನಾರ್ಮಲಿ ಕ್ಲೋಸ್ಡ್ ಕಾಂಟ್ಯಾಕ್ಟ್ (ಕಾಯಿಲಿಗೆ ಕರೆಂಟ್ ಇಲ್ಲದಾಗ ಸೇರಿಕೊಂಡಿರುವುದು). ಹೊರಗಿನ ಕರೆಂಟ್ ಬಂದ ಕೂಡಲೇ ಅದು ಬಿಡಿಸಿಕೊಳ್ಳುತ್ತದೆ. ಕ್ಯಾರವಾನಿಗೆಂದೇ ಮಾಡಿದ ವಿಕ್ಟ್ರಾನ್ ಮಲ್ಟಿಪ್ಲಸ್‌ನಂಥವುಗಳಲ್ಲಿ ಈ ರಿಲೇ ಒಳಗೇ ಇರುತ್ತದೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಕೆಲವು ಹಗುರ ಇನ್ವರ್ಟರುಗಳಲ್ಲಿ ನ್ಯೂಟ್ರಲ್ಲನ್ನು ಅರ್ತಿಗೆ ಸೇರಿಸಿದರೆ ಸುಟ್ಟೇ ಹೋಗುತ್ತವೆ, ತಯಾರಕರನ್ನು ಕೇಳದೆ ಮುಟ್ಟಬೇಡಿ.

ಹಾಗೆಯೇ 10 ಸ್ಕ್ವೇರ್ ಎಂಎಂ ಹಸಿರು ವೈರಿನಲ್ಲಿ ಇನ್ವರ್ಟರ್ ಕವಚ, ಅರ್ತ್ ಬಾರ್, ಗಾಡಿಯ ಚೇಸಿಸ್ ಮೂರನ್ನೂ ಸೇರಿಸಿ. ಪೇಂಟ್ ಕೆರೆದು ಬರಿಯ ಲೋಹಕ್ಕೆ ಬೋಲ್ಟ್ ಹಾಕಬೇಕು.

ಜನರೇಟರೋ, ಹೋಂಸ್ಟೇಯಂಥಲ್ಲಿ ಸಿಗುವ ಹೊರಗಿನ ಕರೆಂಟಿನ ಪ್ಲಗ್ಗೋ, ಇವೆರಡರಲ್ಲಿ ಒಂದೇ ಒಳಗೆ ಬರುವಂತೆ ಎರಡು ಪೋಲಿನ ಚೇಂಜ್‌ಓವರ್ ಸ್ವಿಚ್ ಹಾಕಿ, ನಡುವೆ ಆಫ್ ಸ್ಥಾನ ಇರುವಂಥದ್ದು. ಲೈನನ್ನು ಮಾತ್ರ ಬದಲಿಸಿ ನ್ಯೂಟ್ರಲ್ ಒಟ್ಟಿಗೆ ಬಿಟ್ಟರೆ ಮೇಲೆ ಹೇಳಿದ ಲೆಕ್ಕವೆಲ್ಲ ಹಾಳು. ಕೆಲಸ ಮುಗಿದ ಮೇಲೆ ಮೂರೂ ಸ್ಥಿತಿಯಲ್ಲಿ (ಜನರೇಟರ್, ಹೊರಗಿನ ಪ್ಲಗ್, ಇನ್ವರ್ಟರ್) ಸಾಕೆಟ್ಟಿಗೆ ಚುಚ್ಚಿ ಆರ್‌ಸಿಸಿಬಿ ಪರೀಕ್ಷಿಸುವ ಆರ್‌ಸಿಡಿ ಟೆಸ್ಟರಿನಿಂದ ಲೈನ್–ಅರ್ತ್ 30 ಮಿಲಿಆಂಪಿಯರ್ ಸೋರಿಸಿ ಟ್ರಿಪ್ ಆಗುವುದನ್ನು ಕಣ್ಣಾರೆ ನೋಡಿ.

---

ಡೀಸೆಲ್_ಮೇಷ್ಟ್ರು ಉತ್ತರ:

ಮೂರನೆಯದಕ್ಕೆ: ಬೇಡ. ಜಾಲರಿ ಹಾಕಿದರೂ ಬೇಡ. ಸೂಟ್‌ಕೇಸ್ ಜನರೇಟರ್ ಒಂದು ಬದಿಯಿಂದ ಗಾಳಿ ಎಳೆದು ಇನ್ನೊಂದು ಬದಿಗೆ ಹೊಗೆಯ ಜೊತೆ ಬಿಸಿಗಾಳಿ ಉಗುಳುತ್ತೆ. ಡಿಕ್ಕಿಯಲ್ಲಿ ಅದೇ ಬಿಸಿಗಾಳಿ ಸುತ್ತಿ ಮತ್ತೆ ಒಳಗೆ ಹೋಗಿ ಇಂಜಿನ್ ಕಾಯುತ್ತೆ. ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲ್ ಆವಿ ಬರುತ್ತೆ, ಪಕ್ಕದಲ್ಲೇ ನಿಮ್ಮ ಬ್ಯಾಟರಿ ಮತ್ತು ರಿಲೇ. ಎಲ್ಲಕ್ಕಿಂತ ದೊಡ್ಡದು ಕಾರ್ಬನ್ ಮೊನಾಕ್ಸೈಡ್: ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲಿದ್ದವರಿಗೆ ಎಚ್ಚರವೇ ಆಗುವುದಿಲ್ಲ. ಡಿಕ್ಕಿಗೂ ಮಲಗುವ ಜಾಗಕ್ಕೂ ನಡುವೆ ಇರುವ ವೈರಿನ ತೂತು ಸಾಕು.

ಗಾಡಿಯಿಂದ 6 ಮೀಟರ್ ದೂರ, ಗಾಳಿ ಗಾಡಿಯ ಕಡೆಯಿಂದ ಆಚೆ ಬೀಸುವ ದಿಕ್ಕಿನಲ್ಲಿ, ಹೊಗೆ ಕೊಳವೆ ಆಚೆ ಮುಖ ಮಾಡಿ ಇಡಿ. 10 ಮೀಟರ್ ಉದ್ದದ 2.5 ಸ್ಕ್ವೇರ್ ಎಂಎಂ ಮೂರು ಕೋರಿನ ರಬ್ಬರ್ ಕೇಬಲ್, ಗಾಡಿಯ ಹೊರಗೋಡೆಯಲ್ಲಿ 16 ಆಂಪಿಯರಿನ ನೀಲಿ ಇಂಡಸ್ಟ್ರಿಯಲ್ ಇನ್‌ಲೆಟ್. ಕೇಬಲನ್ನು ಸುರುಳಿಯಲ್ಲೇ ಬಿಟ್ಟು ಲೋಡ್ ಹಾಕಬೇಡಿ, ಪೂರ್ತಿ ಬಿಚ್ಚಿ. ಮಲಗುವ ಮೊದಲು ಜನರೇಟರ್ ಬಂದ್. ಅದರ ಜೊತೆಗೂ ಮಲಗುವ ಎತ್ತರದಲ್ಲಿ ಒಂದು ಸಿಒ (ಕಾರ್ಬನ್ ಮೊನಾಕ್ಸೈಡ್) ಅಲಾರ್ಮ್ ಇರಲಿ. ಇಎನ್ 50291-2 ಎಂದು ಬರೆದದ್ದು ಇಂಥ ಗಾಡಿಗಳಿಗೆಂದೇ ಇರುವ ಮಾನದಂಡ. ಗ್ಯಾಸ್ ಸಿಲಿಂಡರ್ ಇದ್ದರೆ ಎಲ್‌ಪಿಜಿ ಅಲಾರ್ಮ್ ನೆಲದ ಹತ್ತಿರ ಹಾಕಿ, ಅದು ಗಾಳಿಗಿಂತ ಭಾರ.

ಗಾಡಿಗೇ ಕೂರಿಸಲೇಬೇಕು ಅಂದರೆ ಕಮಿನ್ಸ್ ಓನಾನ್‌ನಂಥ, ಅದಕ್ಕೆಂದೇ ಮಾಡಿದ ಸೆಟ್ ಬೇಕು. ಒಳಭಾಗಕ್ಕೆ ಆವಿ ನುಸುಳದ ಪ್ರತ್ಯೇಕ ಪೆಟ್ಟಿಗೆ, ಸೈಲೆನ್ಸರ್ ಪೈಪು ಬಾಡಿಯ ಅಂಚು ದಾಟಿ ಹೊರಗೆ, ಅದರ ಮೇಲೆ ಕಿಟಕಿ ಇರಬಾರದು. 2.8 ಕಿಲೋವ್ಯಾಟಿನದ್ದೇ 50 ಕೆಜಿ ಮೀರುತ್ತೆ.

---

ಘಟ್ಟದಾರಿ:

ಡಿಕ್ಕಿ ಯೋಚನೆ ಬಿಟ್ಟೆ. ಇನ್ವರ್ಟರ್ ಒಳಗಿನ ಚಾರ್ಜರ್ 15 ಆಂಪಿಯರ್ ಮಾತ್ರ ಕೊಡುತ್ತೆ, ಬ್ಯಾಟರಿ ತುಂಬಲು ದಿನವೇ ಬೇಕು. ಬೇರೆ 40 ಆಂಪಿಯರ್ ಚಾರ್ಜರ್ ಹಾಕಿ ಒಳಗಿನ ಯಾವುದಾದರೂ ಸಾಕೆಟ್ಟಿಗೆ ಚುಚ್ಚಿದರೆ ಆಗುತ್ತಾ? ಎಸಿ ವಿಷಯ ಯಾರೂ ಹೇಳಲಿಲ್ಲ. ಮತ್ತೆ ಊಟಿಯಲ್ಲಿ ಜನರೇಟರ್ ಓವರ್‌ಲೋಡ್ ತೋರಿಸುತ್ತೆ, ಕೆಳಗೆ ಅದೇ ಲೋಡಿಗೆ ತೋರಿಸುವುದಿಲ್ಲ.

---

ಡಿಸಿ_ವೈರ್‌ಮನ್:

ಒಳಗಿನ ಸಾಕೆಟ್ಟಿಗೆ ಚುಚ್ಚಬೇಡಿ. ಆ ಸಾಕೆಟ್ ಇನ್ವರ್ಟರಿನ ಔಟ್‌ಪುಟ್. ಜನರೇಟರ್ ನಿಂತ ಮೇಲೆ ಬ್ಯಾಟರಿ ಇನ್ವರ್ಟರನ್ನು ಓಡಿಸುತ್ತೆ, ಇನ್ವರ್ಟರ್ ಚಾರ್ಜರನ್ನು, ಚಾರ್ಜರ್ ಮತ್ತೆ ಅದೇ ಬ್ಯಾಟರಿಯನ್ನು. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದು. ಚೇಂಜ್‌ಓವರ್ ಆದ ಮೇಲೆ, ಇನ್ವರ್ಟರಿಗಿಂತ ಮುಂಚೆ, ಪ್ರತ್ಯೇಕ ಎಂಸಿಬಿಯಿಂದ ಚಾರ್ಜರಿಗೆ ಲೈನ್ ತೆಗೆಯಿರಿ. 40 ಆಂಪಿಯರಿನಲ್ಲಿ ಮೂರು ಗಂಟೆಗೆ 120 ಎಎಚ್ ತುಂಬುತ್ತೆ.

ಕೊಳ್ಳುವಾಗ ಪವರ್ ಫ್ಯಾಕ್ಟರ್ (ಎಳೆದ ವಿಎಯಲ್ಲಿ ನಿಜಕ್ಕೂ ವ್ಯಾಟ್ ಆಗುವ ಪಾಲು) ತಿದ್ದುವ ಚಾರ್ಜರ್ ಕೇಳಿ. 40 ಆಂಪಿಯರ್ ಕೊಡಲು 670 ವ್ಯಾಟ್ ಸಾಕು, ಆದರೆ ಪವರ್ ಫ್ಯಾಕ್ಟರ್ 0.65 ಇರುವ ಅಗ್ಗದ ಚಾರ್ಜರ್ ಜನರೇಟರಿನಿಂದ 1000 ವಿಎಗೂ ಹೆಚ್ಚು ಎಳೆಯುತ್ತೆ. ಜನರೇಟರಿನ ಮೇಲಿರುವ 12 ವೋಲ್ಟ್ ಡಿಸಿ ತೂತನ್ನು ಈ ಬ್ಯಾಟರಿಗೆ ಬಳಸಲೇಬೇಡಿ, ಅದರಲ್ಲಿ ವೋಲ್ಟೇಜ್ ನಿಯಂತ್ರಣ ಇರುವುದಿಲ್ಲ.

ಅದಕ್ಕಿಂತ ಮೊದಲು 30 ಆಂಪಿಯರಿನ ಡಿಸಿ–ಡಿಸಿ ಚಾರ್ಜರ್ ಹಾಕಿ, ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಗಾಡಿಯ ಆಲ್ಟರ್ನೇಟರಿನಿಂದ. ಬೆಂಗಳೂರಿನಿಂದ ಚಿಕ್ಕಮಗಳೂರು ಮುಟ್ಟುವ ಐದು ಗಂಟೆಗೆ 150 ಎಎಚ್ ಬರುತ್ತೆ, ಆ ದಿನ ಜನರೇಟರ್ ಎಳೆಯುವ ಅಗತ್ಯವೇ ಬೀಳುವುದಿಲ್ಲ. 16 ಸ್ಕ್ವೇರ್ ಎಂಎಂ ಕೇಬಲ್ ಈ ಕೆಲಸಕ್ಕೆ ಸರಿ, ಗಾಡಿಯ ಬ್ಯಾಟರಿ, ಲಿಥಿಯಂ ಬ್ಯಾಟರಿ ಎರಡರ ತುದಿಯಲ್ಲೂ 60 ಆಂಪಿಯರ್ ಫ್ಯೂಸು. ಆಲ್ಟರ್ನೇಟರನ್ನು ರಿಲೇ ಮೂಲಕ ನೇರವಾಗಿ ಲಿಥಿಯಂಗೆ ಕೊಟ್ಟರೆ ಗಾಡಿ ನಿಂತು ಐಡಲಿಂಗ್ ಆಗುವಾಗ ಪೂರ್ತಿ ಕರೆಂಟ್ ಎಳೆದು, ಫ್ಯಾನಿನ ಗಾಳಿ ಸಾಲದೆ, ಆಲ್ಟರ್ನೇಟರ್ ಸುಡುತ್ತೆ.

ಎಸಿ: ಬ್ಯಾಟರಿಯ 2560 ವ್ಯಾಟ್‌ಅವರಿನಲ್ಲಿ (12.8 × 200) ಪೂರ್ತಿ ಬರಿದು ಮಾಡದೆ, ಇನ್ವರ್ಟರ್ ನಷ್ಟ ಕಳೆದು ಕೈಗೆ ಸಿಗುವುದು 1950ರ ಸುಮಾರು. ಮಧ್ಯಾಹ್ನ 950 ವ್ಯಾಟ್ ಎಳೆದರೆ ಎರಡು ಗಂಟೆ, ರಾತ್ರಿ ತಣ್ಣಗಾಗಿ ಸರಾಸರಿ 500ಕ್ಕೆ ಇಳಿದರೆ ನಾಲ್ಕು ಗಂಟೆ. ರಾತ್ರಿಯಿಡೀ ಬೇಕಾದರೆ ಬ್ಯಾಟರಿ ಇದರ ಎರಡರಷ್ಟಿರಬೇಕು. ಮೊದಲು ಚಾವಣಿಗೆ ಇನ್ಸುಲೇಶನ್, ಕಡಿಮೆ ಕರೆಂಟ್ ಎಳೆಯುವ ಎರಡು ಬಿಎಲ್‌ಡಿಸಿ ಫ್ಯಾನು. ಮಲೆನಾಡಿಗೆ ಅಷ್ಟು ಸಾಕು, ಕರಾವಳಿಗೆ ಸಾಲದು.

---

ಡೀಸೆಲ್_ಮೇಷ್ಟ್ರು:

ಊಟಿಯದ್ದು ಜನರೇಟರಿನ ದೋಷವಲ್ಲ. ಪ್ರತಿ 300 ಮೀಟರ್ ಏರಿದಂತೆ ಪೆಟ್ರೋಲ್ ಇಂಜಿನ್ ಸುಮಾರು 3.5 ಶೇಕಡಾ ಶಕ್ತಿ ಕಳೆದುಕೊಳ್ಳುತ್ತೆ. ಊಟಿ 2240 ಮೀಟರ್, ಅಂದರೆ ಕಾಲು ಭಾಗ ಹೋಯಿತು, 1.8ರಲ್ಲಿ ಉಳಿಯುವುದು 1.3 ಕೆವಿಎ. ಗಾಳಿ ತೆಳುವಾಗಿ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿ ಪ್ಲಗ್ಗಿಗೆ ಮಸಿ ಕಟ್ಟುತ್ತೆ. ಎತ್ತರದಲ್ಲಿ ವಾರಗಟ್ಟಲೆ ಇರುವುದಾದರೆ ಸಣ್ಣ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ತೂತಿನ ತುಂಡು) ಹಾಕಿಸಿ, ಇಳಿದ ಮೇಲೆ ಮರೆಯದೆ ಹಳೆಯದನ್ನೇ ಹಾಕಿ. ಎಸಿ ಅಥವಾ ಮಿಕ್ಸಿ ಶುರು ಮಾಡುವಾಗ ಇಕೋ ಸ್ವಿಚ್ (ಲೋಡ್ ಕಡಿಮೆಯಿದ್ದಾಗ ವೇಗ ಇಳಿಸುವುದು) ಆಫ್ ಇರಲಿ, ಆನ್ ಇದ್ದರೆ ಐಡಲಿಂಗಿನಿಂದ ವೇಗ ಏರುವಷ್ಟರಲ್ಲಿ ಓವರ್‌ಲೋಡ್ ಬೀಳುತ್ತೆ.

ಹೊಸ ಜನರೇಟರಿಗೆ ಮೊದಲ ಆಯಿಲ್ ಬದಲಾವಣೆ 20 ಗಂಟೆಗೆ, ಆಮೇಲೆ 100 ಗಂಟೆಗೊಮ್ಮೆ. ತಿಂಗಳಿಗೊಮ್ಮೆ ಅರ್ಧ ಲೋಡಿನಲ್ಲಿ ಅರ್ಧ ಗಂಟೆ ಓಡಿಸಿ. ಮಳೆಗಾಲಕ್ಕೆ ಎತ್ತಿಡುವುದಾದರೆ ಕಾರ್ಬುರೇಟರಿನ ಪೆಟ್ರೋಲ್ ಬಸಿಯಿರಿ. ಎಥೆನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತೆ, ಜೆಟ್ಟಿನಲ್ಲಿ ಅಂಟು ಕಟ್ಟುತ್ತೆ.

---

ಅರ್ತ್_ಪಿಟ್:

ಒಂದು ಸೇರಿಸುತ್ತೇನೆ. ಗಾಡಿಗೆ ಏನನ್ನಾದರೂ ಶಾಶ್ವತವಾಗಿ ಕೂರಿಸುವ ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಮಾರ್ಪಾಡುಗಳ ಬಗ್ಗೆಯೇ ಇದೆ, ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಆರ್‌ಸಿಯಲ್ಲಿ ಸೇರದ ಬದಲಾವಣೆ ವಿಮೆಯ ಹೊತ್ತಿನಲ್ಲಿ ತಕರಾರಿಗೆ ದಾರಿ. ಜನರೇಟರ್ ಹೊರಗಿಟ್ಟು ಓಡಿಸಿದರೆ ಅದು ಬರೀ ಸಾಮಾನು, ಆ ಗೊಡವೆಯಿಲ್ಲ. ಸಾಗಿಸುವಾಗ ಮಾತ್ರ ಅದರ ಟ್ಯಾಂಕಿನ ಗಾಳಿಗುಂಡಿ ಮುಚ್ಚಿ, ಬೆಲ್ಟಿನಿಂದ ಬಿಗಿದು, ಮಲಗಿಸದೆ ನೆಟ್ಟಗೆ ಇಡಿ.