‘ಕಾರ್ತಿಯೆ’ಗೆ ಕನ್ನಡದಲ್ಲಿ ಏನೆನ್ನೋಣ: ಪೇಟೆಯೋ, ಕೇರಿಯೋ, ಬಡಾವಣೆಯೋ?

ಪದಬಲ್ಲ ಎಲ್ಲರಿಗೂ ನಮಸ್ಕಾರ.

ಫ್ರಾನ್ಸಿನ ನೈರುತ್ಯ ಮೂಲೆಯಲ್ಲಿ, ಸ್ಪೇನಿನ ಗಡಿಗೆ ಹತ್ತಿರವಾಗಿ, ಅಟ್ಲಾಂಟಿಕ್ ಕಡಲಿಗೆ ಮುಖಮಾಡಿ ಬಿಯಾರಿಟ್ಸ್ ಎಂಬ ಊರಿದೆ. ಅದರ ಬಗ್ಗೆ ಒಂದು ಪ್ರವಾಸಲೇಖನ ಬರೆಯುತ್ತಿದ್ದೇನೆ. ಊರನ್ನು ನಡೆದೇ ಸುತ್ತಿದ್ದೆ, ಹಾಗಾಗಿ ಬರೆಯಲು ಬೇಕಾದ್ದೆಲ್ಲ ಕೈಯಲ್ಲೇ ಇದೆ ಎಂದುಕೊಂಡು ಕುಳಿತೆ. ಮೊದಲ ಪುಟದಲ್ಲೇ ‘ಕಾರ್ತಿಯೆ’ ಎಂಬ ಫ್ರೆಂಚ್ ಪದ ತಡೆದು ನಿಲ್ಲಿಸಿತು. ಊರಿನ ಒಂದೊಂದು ಭಾಗವನ್ನೂ ಅಲ್ಲಿನವರು ಕರೆಯುವುದು ಹಾಗೆಯೇ.

ಆ ಪದದ ಬೇರಿನಲ್ಲಿರುವುದು ನಾಲ್ಕರಲ್ಲೊಂದು ಪಾಲು, ಅಂದರೆ ನಮ್ಮ ‘ಕಾಲು’. ಅದೇ ಬೇರಿನ ಪದ ಇಂಗ್ಲಿಷಿನ ದಾರಿಯಿಂದ ನಮಗೂ ಬಂದಿದೆ. ಆದರೆ ನಮ್ಮಲ್ಲಿ ಕ್ವಾರ್ಟರ್ಸ್ ಎಂದರೆ ಪೊಲೀಸರಿಗೋ ರೈಲ್ವೆ ನೌಕರರಿಗೋ ಕೊಟ್ಟ ವಸತಿ. ಆದ್ದರಿಂದ ಆ ಎರವಲು ಇಲ್ಲಿ ಕೆಲಸಕ್ಕೆ ಬಾರದು. ‘ನೆರೆಹೊರೆ’ ಎಂದು ಕೆಲವರು ಅನುವಾದಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನೆರೆಹೊರೆ ಎಂದಾಗ ನಮ್ಮ ಕಣ್ಣಮುಂದೆ ಬರುವುದು ಪಕ್ಕದ ಮನೆಯ ಜನ, ಜಾಗವಲ್ಲ. ‘ನೆರೆಹೊರೆಯನ್ನು ಸುತ್ತಿ ಬಂದೆ’ ಎಂದು ಯಾವ ಕನ್ನಡಿಗನೂ ಹೇಳುವುದಿಲ್ಲ.

ಹಾಗಾದರೆ ನಮ್ಮ ಸ್ವಂತ ಪದಗಳು ಯಾವುವು? ಬೆಂಗಳೂರಿನ ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆಗಳಲ್ಲಿ ವ್ಯಾಪಾರದ ಸದ್ದಿದೆ. ಮೈಸೂರಿನ ಮೊಹಲ್ಲಾ, ಕೊಪ್ಪಲು, ಅಗ್ರಹಾರ ಒಂದೊಂದಕ್ಕೂ ಬೇರೆ ಬೇರೆ ಹುಟ್ಟಿದೆ. ಧಾರವಾಡದಲ್ಲಿ ಓಣಿ. ನಮ್ಮ ಕುಂದಾಪುರದಲ್ಲಿ ಖಾರ್ವಿಕೇರಿ, ಅಲ್ಲಿ ಕಡಲಿಗಿಳಿಯುವವರ ಮನೆಗಳು. ಊರಿನ ಆ ಭಾಗ ಹೇಗೆ ಹುಟ್ಟಿತು, ಯಾರು ಕಟ್ಟಿಕೊಂಡರು ಎಂಬುದನ್ನು ಕನ್ನಡ ಹೆಸರಿನೊಳಗೇ ಇಟ್ಟುಬಿಡುತ್ತದೆ. ಫ್ರೆಂಚಿನ ಕಾರ್ತಿಯೆ ಅದನ್ನು ಹೇಳುವುದಿಲ್ಲ. ಹಾಗಿರುವಾಗ ಎಲ್ಲಕ್ಕೂ ಒಂದೇ ಪದ ಹುಡುಕುವುದನ್ನು ಬಿಟ್ಟು, ಬಿಯಾರಿಟ್ಸಿನ ಒಂದೊಂದು ಭಾಗಕ್ಕೂ ಅದರ ಹುಟ್ಟಿಗೆ ಒಪ್ಪುವ ಕನ್ನಡ ಪದವನ್ನೇ ಏಕೆ ಕೊಡಬಾರದು? ನನ್ನ ಮುಖ್ಯ ಪ್ರಶ್ನೆ ಇದು.

ಆ ಊರು ಮೊದಲು ಎರಡು ಪುಟ್ಟ ನೆಲೆಗಳಾಗಿತ್ತು. ಕಡಲಿಂದ ಒಳಗೆ, ಎತ್ತರದಲ್ಲಿ, ಸಾಂ ಮಾರ್ತಾಂ ಚರ್ಚಿನ ಸುತ್ತ ರೈತರು. ಕೆಳಗೆ ಬಂಡೆಗಳ ನಡುವಿನ ಕೊಲ್ಲಿಯ ಬಳಿ ತಿಮಿಂಗಿಲ ಬೇಟೆಯ ಬೆಸ್ತರು. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಇರುವ ಮೇಲಿನಕೇರಿ, ಕೆಳಗಿನಕೇರಿಗಳು ಇವೇ ಅಲ್ಲವೇ? ಇಲ್ಲಿ ‘ಕೇರಿ’ ಎನ್ನಲು ನನಗೆ ಹಿಂಜರಿಕೆಯಿಲ್ಲ. ಕೆಳಗಿನ ಆ ಕೊಲ್ಲಿಗೆ ಈಗಲೂ ‘ಪೋರ್ ವಿಯೊ’, ಅಂದರೆ ಹಳೆ ಬಂದರು ಎಂದೇ ಹೆಸರು. ಹೋಗಿ ನೋಡಿದರೆ ದೋಣಿಯೇ ಇಲ್ಲ, ಮಕ್ಕಳು ಈಜಾಡುವ ಅಂಗೈಯಗಲದ ಮರಳು. ಮಂಗಳೂರಿನಲ್ಲಿ ‘ಬಂದರ್’ ಎಂದರೆ ಹಡಗು ನಿಲ್ಲುವ ಜಾಗವಷ್ಟೇ ಅಲ್ಲದೆ ಇಡೀ ಒಂದು ಪೇಟೆಯೂ ಆಗಿರುವುದನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈಗ ದೋಣಿಗಳು ನಿಲ್ಲುವುದು ಪಕ್ಕದ ‘ಪೋರ್ ದೆ ಪೆಷೂರ್’ನಲ್ಲಿ. ಅದು ತೀರ ಚಿಕ್ಕದು. ಬಂದರು ಎಂದರೆ ಹೆಚ್ಚಾಯಿತು; ಮಲ್ಪೆಯವರ ಮಾತಿನಂತೆ ‘ಮೀನುಗಾರರ ಧಕ್ಕೆ’ ಎಂದು ಬರೆದಿದ್ದೇನೆ. ಘಟ್ಟದ ಮೇಲಿನವರು ಧಕ್ಕೆ ಎಂದರೆ ಹಾನಿ ಎಂದೇ ಓದಿಕೊಳ್ಳಬಹುದು ಎಂಬ ಆತಂಕವೂ ಇದೆ.

ಆ ಧಕ್ಕೆಯ ದಡದಲ್ಲಿ ಸಾಲಾಗಿ ಪುಟ್ಟ ಗೂಡುಗಳಿವೆ. ಬಲೆ, ಹಗ್ಗ, ಹುಟ್ಟು ಇಟ್ಟುಕೊಳ್ಳಲು ಮೀನುಗಾರರು ಕಟ್ಟಿಕೊಂಡವು. ಅಲ್ಲಿನವರು ‘ಕ್ರಾಂಪೊತ್’ ಎನ್ನುತ್ತಾರೆ. ಅದು ಪ್ಯಾರಿಸಿನ ಫ್ರೆಂಚಲ್ಲ, ಆ ಸೀಮೆಯ ಗ್ಯಾಸ್ಕನ್ ನುಡಿಯದು; ಅರ್ಥ ಕಿರುಕೋಣೆ. ದೊಡ್ಡ ಭಾಷೆಯ ನಡುವೆ ಊರಿನ ನುಡಿ ತನ್ನ ಒಂದು ಪದವನ್ನು ಹೀಗೆ ಉಳಿಸಿಕೊಂಡದ್ದು ಕಂಡು ನನಗೆ ಬಹಳ ಸಂತೋಷವಾಯಿತು. ‘ಶೆಡ್’ ಎಂದು ಬರೆದು ಅದನ್ನು ಕೊಲ್ಲಲು ಮನಸ್ಸಿಲ್ಲ. ಸದ್ಯಕ್ಕೆ ‘ಬಲೆಮನೆ’ ಎಂದಿಟ್ಟಿದ್ದೇನೆ. ಕರಾವಳಿಯ ಬಂಧುಗಳು ತಮ್ಮ ಮನೆಮಾತಿನ ಪದವಿದ್ದರೆ ದಯವಿಟ್ಟು ತಿಳಿಸಬೇಕು.

ಧಕ್ಕೆಯ ಮೇಲೆ ಕಡಲಿಗೆ ಚಾಚಿದ ಗುಡ್ಡದ ಹೆಸರು ‘ಅತಲಾಯ್’. ತಿಮಿಂಗಿಲ ಕಂಡರೆ ಕೂಗಿ ಹೇಳಲು ಕಾವಲಿನವನು ನಿಲ್ಲುತ್ತಿದ್ದ ಜಾಗ. ಕೇಳಿದೊಡನೆ ನನಗೆ ನಮ್ಮ ಕಾವ್ಯಗಳ ಕೋಟೆವರ್ಣನೆಯ ‘ಅಟ್ಟಳೆ’ ನೆನಪಾಗಿ ರೋಮಾಂಚನವಾಯಿತು. ಅದೂ ಕಾವಲಿನ ಎತ್ತರದ ನೆಲೆಯೇ. ಆದರೆ ಇವೆರಡಕ್ಕೂ ನಂಟಿಲ್ಲ. ಅತಲಾಯ್ ಬಂದದ್ದು ಅರಬ್ಬಿಯಿಂದ, ಸ್ಪ್ಯಾನಿಷಿನ ಮೂಲಕ. ಅಟ್ಟಳೆ ಸಂಸ್ಕೃತದ ಅಟ್ಟಾಲಕಕ್ಕೆ ಸೇರಿದ್ದು. ನಂಟಿಲ್ಲದಿದ್ದರೂ ಅರ್ಥ, ಸದ್ದು ಎರಡೂ ಕೂಡಿಬಂದಿರುವಾಗ ಅನುವಾದಕ್ಕೆ ಅಟ್ಟಳೆಯನ್ನೇ ಬಳಸಿದರೆ ಓದುಗರು ಅದನ್ನು ವ್ಯುತ್ಪತ್ತಿ ಎಂದು ತಪ್ಪಾಗಿ ತಿಳಿದಾರೇ? ಬಡಗಣ ಕರ್ನಾಟಕದ ಕಾವಲುಗೋಪುರ ‘ಹುಡೆ’ ಇದೆ, ಮಂಗಳೂರಿನ ಸುಲ್ತಾನ್ ಬತ್ತೇರಿಯ ‘ಬತ್ತೇರಿ’ಯೂ ಇದೆ. ಆದರೆ ಅವು ಕಲ್ಲಿನ ಕಟ್ಟಡಗಳು, ಇದು ಗುಡ್ಡ.

1854ರಲ್ಲಿ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ ತನ್ನ ರಾಣಿ ಯೂಜೆನಿಗಾಗಿ ಇಲ್ಲಿ ಬೇಸಿಗೆಯ ಅರಮನೆ ಕಟ್ಟಿಸತೊಡಗಿದ. ಅದೀಗ ‘ಒತೆಲ್ ದು ಪಲೆ’ ಎಂಬ ಹೋಟೆಲು. ಎದುರಿಗೆ 1892ರ ರಷ್ಯನ್ ಆರ್ಥೊಡಾಕ್ಸ್ ಚರ್ಚು. ಅರಸೊತ್ತಿಗೆ ಬಿದ್ದ ಮೇಲೆ ಅರಮನೆಯ ಸುತ್ತಲಿನ ಜಮೀನನ್ನು ನಿವೇಶನಗಳಾಗಿ ಒಡೆದು ಮಾರಿದರು, ಸಿರಿವಂತರ ಬಂಗಲೆಗಳು ಎದ್ದವು. ಇದಕ್ಕೆ ‘ಬಡಾವಣೆ’ಗಿಂತ ಸರಿಯಾದ ಪದ ಯಾವುದಿದೆ? 1834ರ ದೀಪಸ್ತಂಭದತ್ತ ಹೋಗುವ ದಾರಿಯೆಲ್ಲ ಇಂಥ ಬಂಗಲೆಗಳೇ. ಇಡೀ ಊರಿಗೆ ‘ಗಿರಿಧಾಮ’ದ ಮಾದರಿಯಲ್ಲಿ ‘ಕಡಲಧಾಮ’ ಎಂದಿದ್ದೇನೆ; ‘ಕಡಲತೀರದ ವಿಹಾರತಾಣ’ ಎಂಬುದು ಸರಕಾರಿ ಫಲಕದಂತೆ ಕೇಳಿಸುತ್ತದೆ.

ದಕ್ಷಿಣದ ‘ಕೋತ್ ದೆ ಬಾಸ್ಕ್’, ಅಂದರೆ ಬಾಸ್ಕರ ತೀರ. ಬಾಸ್ಕರೆಂದರೆ ಫ್ರಾನ್ಸ್, ಸ್ಪೇನ್ ಗಡಿಯ ಎರಡೂ ಬದಿ ನೆಲೆಸಿದ, ತಮ್ಮದೇ ನುಡಿಯುಳ್ಳ ಜನ. ಒಳನಾಡಿನ ಬಾಸ್ಕರು ವರ್ಷಕ್ಕೊಮ್ಮೆ ಗುಂಪಾಗಿ ಬಂದು ಕಡಲಲ್ಲಿ ಮೀಯುತ್ತಿದ್ದರು. ಕರ್ಕಾಟಕ ಅಮಾವಾಸ್ಯೆಯಂದು ಮರವಂತೆಗೆ ಬರುವ ಜನ ನೆನಪಾದರು. ಆದರೂ ‘ಸಮುದ್ರಸ್ನಾನ’ ಎಂದು ಬರೆದರೆ ಪುಣ್ಯದ ಅರ್ಥ ಸೇರಿಕೊಳ್ಳುತ್ತದೆ. ಆದ್ದರಿಂದ ‘ಕಡಲಮೀಹ’ ಎಂದು ಮಾಡಿದೆ. ಉಬ್ಬರದಲ್ಲಿ ಇಲ್ಲಿನ ಮರಳೆಲ್ಲ ಮುಳುಗಿ ನೀರು ಕಡಿದಾದ ಗುಡ್ಡದ ಬುಡಕ್ಕೇ ಬರುತ್ತದೆ.

ಕೊನೆಯದು ಎಲ್ಲಕ್ಕಿಂತ ಕಷ್ಟದ್ದು. ರೈಲು ನಿಲ್ದಾಣವಿರುವ ಭಾಗವನ್ನು ಬಹುಕಾಲ ಕರೆದದ್ದು ‘ಲಾ ನೆಗ್ರೆಸ್’ ಎಂದು. ಅಲ್ಲಿ ವಸತಿಗೃಹ ನಡೆಸುತ್ತಿದ್ದ ಕಪ್ಪು ಹೆಂಗಸೊಬ್ಬಳಿಂದ ಬಂತು ಎನ್ನುತ್ತಾರೆ. ಅದಕ್ಕೂ ಮೊದಲು ಬಾಸ್ಕ್ ಹೆಸರೊಂದಿತ್ತು, ‘ಅರಾಉಸ್ತ’. ಹೀನಾಯದ ಪದವೆಂದು ವರ್ಷಗಟ್ಟಲೆ ವ್ಯಾಜ್ಯ ನಡೆದು, 2025ರ ಫೆಬ್ರವರಿಯಲ್ಲಿ ಬೋರ್ದೋ ನಗರದ ಮೇಲ್ಮನವಿ ನ್ಯಾಯಾಲಯ ಆ ಹೆಸರನ್ನು ಕೈಬಿಡುವಂತೆ ಹೇಳಿತು. ಜಾತಿಯ ಹೆಸರು ಹೊತ್ತ ಕೇರಿಗಳು ಅಂಬೇಡ್ಕರ್ ನಗರಗಳಾದದ್ದನ್ನು ಕಂಡ ನಮಗೆ ಈ ನೋವು ಹೊಸದಲ್ಲ. ಆ ಪದವನ್ನು ಅನುವಾದಿಸಿ ಕನ್ನಡದಲ್ಲಿ ಮತ್ತೊಂದು ಬೈಗುಳ ಹುಟ್ಟಿಸಲಾರೆ. ವ್ಯಾಜ್ಯದ ಮಾತು ಬರುವಲ್ಲಿ ಒಮ್ಮೆ ಲಿಪ್ಯಂತರಿಸಿ, ಉಳಿದೆಡೆ ‘ನಿಲ್ದಾಣದ ಕೇರಿ’ ಎಂದಿದ್ದೇನೆ.

ಆದರೆ ನಮ್ಮ ‘ಕೇರಿ’ಯೂ ಊರ ಹೊರಗೆ ಇಟ್ಟವರ ನೆನಪನ್ನು ಹೊತ್ತ ಪದವೇ ಅಲ್ಲವೇ? ರೈತರಿಗೂ ಬೆಸ್ತರಿಗೂ ಅದನ್ನು ಹಿಂಜರಿಯದೆ ಬಳಸಿದ ನಾನು ಇಲ್ಲಿ ಬಂದು ಅಳುಕುತ್ತಿದ್ದೇನೆ. ಇಲ್ಲಿಗೆ ಕೇರಿ ಸಲ್ಲುತ್ತದೆಯೇ, ಬೇರೆ ಪದ ಬೇಕೇ? ಈ ಒಂದಕ್ಕಾದರೂ ನಿಮ್ಮ ಅಭಿಪ್ರಾಯ ಬೇಕು.